ತಾವು ಯಾವ ಸಮಾಜ?

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಪೋಷಕರೊಬ್ಬರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು: "ತಾವು ಯಾವ ಸಮಾಜ?"

"ಎಂಟನೇ ಕ್ಲಾಸು, ಒಂಬತ್ತನೇ ಕ್ಲಾಸು, ಎರಡೂ ನಂದೇ" ಎಂದೆ.

ಅವರು ನನ್ನ ಮುಖವನ್ನೇ ನೋಡುತ್ತಾ ನಿಂತರು. "ಅದಲ್ಲ ಮೇಡಂ, ಸಮಾಜ... ಸಮಾಜ ಯಾವ್ದು ಅಂತ" ಎಂದರು. ಸಿಲಬಸ್ಸು ಕೇಳುತ್ತಿದ್ದಾರೆ ಅಂದುಕೊಂಡು ನಾನು ಇತಿಹಾಸ, ಪೌರನೀತಿ, ಭೂಗೋಳ ಎಂದು ಬೆರಳು ಮಡಚಿ ಒಪ್ಪಿಸಿದೆ. ಮನುಷ್ಯ ಸುಸ್ತಾಗಿ, ಕೈಮುಗಿದು ಹೊರಟುಹೋದರು. ಪಕ್ಕದಲ್ಲಿ ಕೂತಿದ್ದ ಹಿಂದಿ ಮೇಡಂ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. "ಅವರು ಕೇಳಿದ್ದು ನಿಮ್ಮ ಜಾತಿ ಕಣ್ರೀ" ಎಂದರು.

ಅದು ಮಾಗಡಿಯಲ್ಲಿ. ಆಮೇಲೆ ಚನ್ನಪಟ್ಟಣ, ಕೊನೆಗೆ ಕನಕಪುರದ ಹೆಣ್ಣುಮಕ್ಕಳ ಹೈಸ್ಕೂಲು. ಅಲ್ಲಿಗೆ ಬಂದವಳು ನಿವೃತ್ತಿಯಾಗುವವರೆಗೂ ಅಲ್ಲೇ ಇದ್ದೆ. ಮೂರು ಊರಲ್ಲೂ ಇದೇ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ನಮ್ಮ ಸೀಮೆಯಲ್ಲಿ ಸಮಾಜ ಎಂದರೆ ಎರಡು. ಒಂದು ಪುಸ್ತಕದ್ದು, ಅದಕ್ಕೆ ನೂರು ಅಂಕ. ಇನ್ನೊಂದು ಊರಿನದ್ದು, ಅದಕ್ಕೆ ಅಧ್ಯಕ್ಷರು, ಖಜಾಂಚಿ, ಕಲ್ಯಾಣ ಮಂಟಪ. ಹೊಸದಾಗಿ ಈ ವಿಷಯ ಹೇಳಿಕೊಡಲು ಸೇರಿರುವ ಹುಡುಗಿಯರು ಆಗಾಗ ನನ್ನ ಮನೆಗೆ ಬಂದು "ಮಿಸ್, ಏನಾದ್ರೂ ಟಿಪ್ಸ್ ಕೊಡಿ" ಅನ್ನುತ್ತಾರೆ. ಬಡ್ತಿ, ತರಬೇತಿ, ಇಲಾಖೆಯ ಸುತ್ತೋಲೆಗಳ ಕತೆ ನನ್ನ ಹತ್ತಿರ ಬೇಕಾದಷ್ಟಿದೆ, ಆದರೆ ಅವು ಯಾರಿಗೂ ಬೇಡ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅದರಲ್ಲಿ ಟಿಪ್ಸ್ ಇದ್ದರೆ ಹೆಕ್ಕಿಕೊಳ್ಳಲಿ.

ಮೊದಲು ಗೊತ್ತಿರಬೇಕಾದ್ದು, ನಮ್ಮ ವಿಷಯ ಊಟದೆಲೆಯ ತುದಿಯ ಉಪ್ಪಿನಕಾಯಿ. ಟೈಂ ಟೇಬಲ್ ಹಾಕುವಾಗ ಗಣಿತ, ವಿಜ್ಞಾನ, ಇಂಗ್ಲಿಷು ಬೆಳಗಿನ ಹೊತ್ತಿಗೆ ಹೋಗಿ ಕೂತುಬಿಡುತ್ತವೆ. ಸಮಾಜಕ್ಕೆ ಸಿಗುವುದು ಊಟ ಆದಮೇಲಿನ ಪಿರಿಯಡ್ಡು, ಇಲ್ಲವೇ ಕಟ್ಟಕಡೆಯ ಪಿರಿಯಡ್ಡು. ಊಟದ ಮೇಲೆ ಮಕ್ಕಳು ತೂಕಡಿಸುತ್ತಿರುತ್ತಾರೆ. ಕೊನೆಯದರಲ್ಲಿ ದೊಡ್ಡಆಲಹಳ್ಳಿ ಕಡೆಯ ಹುಡುಗಿಯರು ಒಂದು ಕಾಲು ಕ್ಲಾಸಲ್ಲಿ, ಒಂದು ಕಾಲು ಬಸ್ಸಲ್ಲಿ ಇಟ್ಟಿರುತ್ತಾರೆ. ಅರ್ಧ ಪ್ರಪಂಚ ಯುದ್ಧಕ್ಕೆ ಇಳಿದಿರುವ ಹೊತ್ತಿಗೆ ಹಿಂದಿನ ಬೆಂಚಿಂದ "ಮಿಸ್, ಬಸ್ ಬತ್ತೈತೆ" ಅನ್ನುವ ಕೂಗು. ನಾನೂ ಯುದ್ಧವನ್ನು ಅಲ್ಲೇ ನಿಲ್ಲಿಸಿ ಕಳಿಸುತ್ತಿದ್ದೆ. ನಾನು ಒಂದು ದಿನ ರಜೆ ಹಾಕಿದರೆ ಸಾಕು, ಗಣಿತದ ಮೇಷ್ಟರು ನನ್ನ ಪಿರಿಯಡ್ಡನ್ನು ಕದ್ದುಕೊಂಡು ಹೋಗುತ್ತಿದ್ದರು. ಜಗಳಕ್ಕೆ ಹೋದರೆ, "ಸಮಾಜ ಏನ್ ಬುಡಿ ಮೇಡಂ, ಮನೇಲಿ ಓದ್ಕೊಂಡ್ರೆ ಆಯ್ತದೆ" ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ಮೇಜಿನ ಮೇಲಿದ್ದ ಸೀಮೆಸುಣ್ಣದ ಡಬ್ಬಿಯನ್ನು ಎತ್ತಿಕೊಂಡು ಬಂದು ಸೇಡು ತೀರಿಸಿಕೊಳ್ಳುತ್ತಿದ್ದೆ.

ಆಗ ನಕ್ಷೆಯನ್ನು ಕೈಯಲ್ಲೇ ಬರೆಯಬೇಕಿತ್ತು. ಕಪ್ಪುಹಲಗೆಯ ಮೇಲೆ ಕಾಶ್ಮೀರದಿಂದ ಶುರು ಮಾಡಿದರೆ ಕೈ ಎತ್ತದೆ ಕನ್ಯಾಕುಮಾರಿ ಸುತ್ತಿ ಮತ್ತೆ ಕಾಶ್ಮೀರಕ್ಕೆ ತಂದು ಸೇರಿಸುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಗುಜರಾತು ಮಾತ್ರ ಯಾವಾಗಲೂ ಒಂದಿಷ್ಟು ದಪ್ಪ ಬರುತ್ತಿತ್ತು. ಒಮ್ಮೆ "ಅರ್ಕಾವತಿ ಯಾವ ದಿಕ್ಕಿಗೆ ಹರಿಯುತ್ತದೆ?" ಎಂದು ಕೇಳಿದೆ. ಇಡೀ ಕ್ಲಾಸು ಒಂದೇ ಬಾಯಲ್ಲಿ "ಕೆಳಕ್ಕೆ ಮಿಸ್" ಎಂದಿತು. ನೀರು ಮತ್ತೆ ಇನ್ನೆಲ್ಲಿಗೆ ಹರಿದೀತು? ಗೋಡೆಯ ನಕ್ಷೆಯಲ್ಲೂ ದಕ್ಷಿಣ ಎಂದರೆ ಕೆಳಗೇ. ಅವತ್ತಿಂದ ಶಾಲೆಗಿದ್ದ ಒಂದೇ ಒಂದು ನಕ್ಷೆಯನ್ನು ಗೋಡೆಯಿಂದ ಇಳಿಸಿ, ಅಂಗಳದಲ್ಲಿ ಉತ್ತರಕ್ಕೆ ಸರಿಯಾಗಿ ಹಾಸಿ, ಹುಡುಗಿಯರನ್ನು ಸುತ್ತ ಕೂರಿಸಿ ಪಾಠ ಮಾಡತೊಡಗಿದೆ. ಒಬ್ಬೊಬ್ಬಳೂ ತನ್ನ ಊರಿನ ಕಡೆಗೆ ಕೈ ತೋರಿಸುವಳು. ಆಮೇಲೆ ಸ್ಮಾರ್ಟ್ ಕ್ಲಾಸು ಬಂತು. ಗೋಡೆಯ ಮೇಲೆ ಭೂಮಿ ಬಣ್ಣಬಣ್ಣವಾಗಿ ತಿರುಗುತ್ತದೆ, ಚೆನ್ನಾಗಿಯೇ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಕರೆಂಟು ಹೋದಾಗ ಹೊಸ ಮೇಡಂಗಳು ಕೈಕಟ್ಟಿ ಕೂರುವುದನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಇದು ಒಳ್ಳೆಯ ಗುಣವಲ್ಲ ಅಂತ ನನಗೂ ಗೊತ್ತು.

ಪುಸ್ತಕಕ್ಕೆ ಸಮಾಜಶಾಸ್ತ್ರದ ಅಧ್ಯಾಯಗಳು ಬಂದಾಗ ನನ್ನ ಕಷ್ಟ ಎರಡರಷ್ಟಾಯಿತು. ಕಿರುಪರೀಕ್ಷೆಯಲ್ಲಿ "ಸಮಾಜ ಎಂದರೇನು?" ಎಂದು ಕೊಟ್ಟಿದ್ದೆ. ಒಬ್ಬಳು ಬರೆದಿದ್ದಳು: "ಸಮಾಜ ಎಂದರೆ ನಮ್ಮವರು. ಪ್ರತಿಯೊಂದು ಸಮಾಜಕ್ಕೂ ಒಂದು ಭವನ ಇರುತ್ತದೆ. ಅಲ್ಲಿ ಮದುವೆ ಮಾಡಿದರೆ ಬಾಡಿಗೆ ಕಮ್ಮಿ." ಉತ್ತರ ತಪ್ಪು, ಹೇಳಿದ್ದು ನಿಜ. ಸೊನ್ನೆ ಹಾಕಲು ಕೈ ಬರಲಿಲ್ಲ, ಅರ್ಧ ಅಂಕ ಕೊಟ್ಟೆ.

ನಮ್ಮ ಮುಖ್ಯೋಪಾಧ್ಯಾಯಿನಿ ವನಮಾಲಾ ಮೇಡಂ. ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಅವರ ಚಪ್ಪಲಿಯ ಸದ್ದಿಗೆ ಸ್ಟಾಫ್ ರೂಮಿನಲ್ಲಿ ಕಡಲೇಕಾಯಿ ಸಿಪ್ಪೆಗಳು ಮಾಯವಾಗುತ್ತಿದ್ದವು. ಅವರು ಒಂದು ಕಟ್ಟುನಿಟ್ಟು ಮಾಡಿದ್ದರು. ಪ್ರಾರ್ಥನೆಯಲ್ಲಾಗಲಿ, ಮೈಕಿನಲ್ಲಾಗಲಿ, ಮಕ್ಕಳ ಎದುರಿಗೆ ಯಾವ ಜಾತಿಯ ಹೆಸರೂ ಬರಕೂಡದು. ವಿದ್ಯಾರ್ಥಿವೇತನದ ವಿಷಯ ಬಂದರೆ ಒಬ್ಬೊಬ್ಬಳನ್ನೇ ಒಳಗೆ ಕರೆದು, ಬಾಗಿಲು ಮುಂದೆ ಮಾಡಿ ಮಾತಾಡುತ್ತಿದ್ದರು. "ಹೊರಗಡೆ ಹೇಗೂ ಎಲ್ಲರೂ ಕೇಳ್ತಾರೆ. ಈ ಕಾಂಪೌಂಡ್ ಒಳಗಾದರೂ ಯಾರೂ ಕೇಳದೇ ಇರಲಿ" ಎನ್ನುತ್ತಿದ್ದರು. ಅವರೊಂದಿಗೆ ನಾನು ನೂರು ವಿಷಯಕ್ಕೆ ಜಗಳ ಆಡಿದ್ದೇನೆ. ಇದೊಂದಕ್ಕೆ ಮಾತ್ರ ಇವತ್ತಿಗೂ ಕೈ ಮುಗಿಯುತ್ತೇನೆ. ಈ ಒಳ್ಳೆಯ ನಿಯಮದಿಂದಲೇ ಆದ ಎಡವಟ್ಟನ್ನು ಹೇಳಲು ಇಷ್ಟು ಪೀಠಿಕೆ ಹಾಕಿದ್ದು.

ಶೋಭಾ ಎಂಬ ಹುಡುಗಿ ಇದ್ದಳು. ದೊಡ್ಡಆಲಹಳ್ಳಿಯಿಂದ ಆಚೆ ಒಂದು ಸಣ್ಣ ಹಟ್ಟಿ ಅವರದು. ಅಪ್ಪ ಇಲ್ಲ. ಅವ್ವ ಜಯಮ್ಮ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಶೋಭಾಗೆ ಗಣಿತ ಎಂದರೆ ಜ್ವರ. ಸಮಾಜದಲ್ಲಿ ಮಾತ್ರ ಅವಳ ಪ್ರಶ್ನೆಗಳಿಗೆ ನಾನು ಹೆದರುತ್ತಿದ್ದೆ. "ಮಿಸ್, ಓಟು ಎಲ್ಲರಿಗೂ ಒಂದೇ ಅಂದ್ರಲ್ಲ, ಮತ್ತೆ ನಮ್ಮಟ್ಟೀಗೆ ಯಾಕೆ ಓಟ್ ಕೇಳೋರು ಕಡೇಗೆ ಬರಾದು?" "ಮಿಸ್, ರಾಜರ ಹೆಸರು ಐತೆ, ಕೆರೆ ತೋಡಿದೋರ ಹೆಸರು ಎಲ್ಲೈತೆ?" ಕೊನೆಯ ಪಿರಿಯಡ್ಡಿನಲ್ಲಿ ಬಸ್ಸು ಬಂದರೂ ಏಳದೆ ಕೂತಿರುತ್ತಿದ್ದವಳು ಅವಳೊಬ್ಬಳೇ. ಜೊತೆಯವರು ಜುಟ್ಟು ಹಿಡಿದು ಎಳೆದುಕೊಂಡು ಹೋಗಬೇಕಿತ್ತು.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಗಣಿತದಲ್ಲಿ ದಡ ಮುಟ್ಟಿದ್ದಳು, ಅಷ್ಟೇ. ಸಮಾಜದಲ್ಲಿ ತೊಂಬತ್ತೆಂಟು. ಇಡೀ ಶಾಲೆಗೆ ಅವಳೇ ಮೊದಲು. ಟಿ.ಸಿ. ತೆಗೆದುಕೊಳ್ಳಲು ತಾಯಿ ಮಗಳು ಬಂದ ದಿನ ನಾನು ಜಯಮ್ಮನಿಗೆ, "ಪಿಯುಸಿಗೆ ಆರ್ಟ್ಸ್ ಸೇರಿಸಮ್ಮ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ನಾಲ್ಕೂ ಇರೋದು ತಗೊಳ್ಳಲಿ" ಎಂದೆ.

"ಲೆಕ್ಕದಲ್ಲಿ ಬಂದಿದ್ರೆ ನೋಡ್ಬೋದಾಗಿತ್ತು ಮಿಸ್ಸೇ" ಎಂದಳು ಜಯಮ್ಮ. "ಸಮಾಜ ಓದಿ ಯಾರ್ ಉದ್ಧಾರ ಆಗವ್ರೆ? ಟೈಲರಿಂಗ್ ಕಲೀಲಿ. ಹದಿನೆಂಟು ತುಂಬಿದ್ ಮ್ಯಾಕೆ ನನ್ ಫ್ಯಾಕ್ಟ್ರಿಗೇ ಸೇರಿಸ್ಕತಾರೆ. ಸೂಪರ್‌ವೈಸರಿಗೆ ಹೇಳಿವ್ನಿ."

ಶೋಭಾ ಅಂಕಪಟ್ಟಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಜಯಮ್ಮ ಕೆಟ್ಟವಳಲ್ಲ. ಬೆಳಗಿನ ಜಾವಕ್ಕೆ ಎದ್ದು ಮುದ್ದೆ ತಿರುವಿಟ್ಟು ಫ್ಯಾಕ್ಟರಿ ಬಸ್ಸು ಹಿಡಿಯುವ ಹೆಂಗಸಿಗೆ ನಾನು ಯಾವ ಬಾಯಲ್ಲಿ ಉಪದೇಶ ಮಾಡಲಿ? ಒಳಗೆ ಹೋಗಿ ಬಾಕಿ ಟಿ.ಸಿ.ಗಳನ್ನು ಬರೆಯುತ್ತಾ ಕೂತೆ.

ಅಷ್ಟರಲ್ಲಿ ಹೊರಗೆ ಜಗಲಿಯಲ್ಲಿ ವನಮಾಲಾ ಮೇಡಂ ಬಂದಿದ್ದ ಹುಡುಗಿಯರನ್ನೆಲ್ಲ ನಿಲ್ಲಿಸಿಕೊಂಡು ನಾಲ್ಕು ಬುದ್ಧಿಮಾತು ಹೇಳಿದರು. ಕೊನೆಗೆ ಊರಿನ ಒಂದು ಸಂಘದವರು ತಲುಪಿಸಿದ್ದ ಪ್ರಕಟಣೆ ಓದಿದರು. ತಮ್ಮ ಜನದ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಮಾಡುತ್ತೇವೆ, ಶೇಕಡಾ ತೊಂಬತ್ತರ ಮೇಲೆ ಬಂದವರನ್ನು ಕಳಿಸಿ ಎಂದು ಅವರು ಬರೆದಿದ್ದರು. ಮೇಡಂ ತಮ್ಮ ನಿಯಮಕ್ಕೆ ಸರಿಯಾಗಿ ಜಾತಿಯ ಹೆಸರನ್ನು ನುಂಗಿಕೊಂಡು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಓದಿದರು: "ಸಮಾಜದಲ್ಲಿ ತೊಂಬತ್ತರ ಮೇಲೆ ಅಂಕ ಪಡೆದವರಿಗೆ ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹಿಂದಿನ ಭವನದಲ್ಲಿ ಸನ್ಮಾನ ಇದೆ. ಪೋಷಕರನ್ನೂ ಕರೆದುಕೊಂಡು ಹೋಗಿ."

ಆ ಜನದ ಹುಡುಗಿಯರಿಗೆ ಅದು ತಮಗೆ ಎಂದು ಗೊತ್ತಾಯಿತು, ಅವರ ಮನೆಗಳಿಗೆ ಮೊದಲೇ ಫೋನು ಬಂದಿತ್ತು. ಮಿಕ್ಕವರು ತಮಗಲ್ಲ ಎಂದು ತಿಳಿದುಕೊಂಡರು. ಶೋಭಾಳ ಜನಕ್ಕೆ ಸಂಘವೂ ಇಲ್ಲ, ಭವನವೂ ಇಲ್ಲ. ಸಮಾಜ ಅನ್ನುವ ಮಾತು ಅವಳ ಕಿವಿಗೆ ಬಿದ್ದಿದ್ದೇ ನನ್ನ ಪಿರಿಯಡ್ಡಿನಲ್ಲಿ. ತೊಂಬತ್ತರ ಮೇಲೆ ಏನು, ತೊಂಬತ್ತೆಂಟೇ ಬಂದಿದೆ. ಅವ್ವನನ್ನು ಕರೆದುಕೊಂಡು ಹೋಗಿ, ಸಮಾಜಕ್ಕೆ ಎಂಥ ಮರ್ಯಾದೆ ಇದೆ ಎಂದು ತೋರಿಸಿಬಿಟ್ಟರೆ ಕಾಲೇಜಿಗೆ ಕಳಿಸದೆ ಇರುತ್ತಾಳೆಯೇ ಎಂದು ಅವಳು ಲೆಕ್ಕ ಹಾಕಿದ್ದಳು. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ.

ಆ ಭಾನುವಾರ ನಾನೂ ಅದೇ ಭವನದಲ್ಲಿದ್ದೆ, ಅದೂ ವೇದಿಕೆಯ ಮೇಲೆ. ನಮ್ಮ ಭಾವನವರು ಆ ಸಂಘದ ಪದಾಧಿಕಾರಿ. "ನಮ್ಮ ಜನದ ಟೀಚರು ಅಂತ ನಿನಗೂ ಒಂದು ಶಾಲು ಹಾಕ್ತೀವಿ, ಬರಲೇಬೇಕು" ಎಂದು ಹಟ ಹಿಡಿದಿದ್ದರು. ಅಕ್ಕನ ಗಂಡ, ಇಲ್ಲ ಅನ್ನುವ ಹಾಗಿಲ್ಲ. ಉಪ್ಪಿಟ್ಟು ಕೇಸರಿಬಾತು ತಿಂದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೊಂಬೆಯಂತೆ ಕೂತಿದ್ದೆ. ನೋಡುತ್ತೇನೆ, ಮೂರನೇ ಸಾಲಿನಲ್ಲಿ ಶೋಭಾ! ಹಸಿರು ಲಂಗ ದಾವಣಿ, ತಲೆ ತುಂಬ ಕನಕಾಂಬರ. ಪಕ್ಕದಲ್ಲಿ ಇಸ್ತ್ರಿ ಮಾಡಿದ ಸೀರೆಯುಟ್ಟ ಜಯಮ್ಮ. ಮೂರು ವರ್ಷ ಪಾಠ ಹೇಳಿದ್ದರೂ ಅವಳದು ಯಾವ ಜನ ಎಂದು ನನಗೆ ಗೊತ್ತಿರಲಿಲ್ಲ. ಓಹೋ, ನಮ್ಮವರೇ ಇರಬೇಕು ಎಂದುಕೊಂಡು ನಕ್ಕು ಕೈ ಬೀಸಿದೆ. ಅವಳು ಅವ್ವನ ಮೊಣಕೈ ತಿವಿದು ನನ್ನನ್ನು ತೋರಿಸಿದಳು. ಹೊರಗಿನ ಫ್ಲೆಕ್ಸಿನಲ್ಲಿ ಯಾವುದೋ ಸಂಘದ ಹೆಸರು ನೋಡಿ ಹುಡುಗಿಗೆ ಅನುಮಾನ ಬಂದಿತ್ತಂತೆ. ಸಮಾಜ ಮಿಸ್ಸೇ ವೇದಿಕೆ ಮೇಲೆ ಕೂತವ್ರೆ ಎಂದ ಮೇಲೆ ಇನ್ನೇನು ಎಂದು ಧೈರ್ಯ ತಂದುಕೊಂಡಳಂತೆ.

ಹೆಸರು ಕರೆಯಲು ಶುರುಮಾಡಿದರು. ಒಬ್ಬೊಬ್ಬರೇ ಬಂದು ಶಾಲು, ಹಾರ, ನೆನಪಿನ ಕಾಣಿಕೆ ತೆಗೆದುಕೊಂಡು, ಫೋಟೋ ತೆಗೆಸಿಕೊಂಡು ಇಳಿದರು. ಎಲ್ಲ ಮುಗಿಯಿತು. ನಿರೂಪಕರು ವಂದನಾರ್ಪಣೆಗೆ ಕರೆಯುವಷ್ಟರಲ್ಲಿ ಶೋಭಾ ಎದ್ದಳು. ಅಂಕಪಟ್ಟಿಯ ಜೆರಾಕ್ಸ್ ಹಿಡಿದುಕೊಂಡು ಸೀದಾ ವೇದಿಕೆ ಹತ್ತಿ, "ಸಾರ್, ನನ್ ಹೆಸ್ರು ಬಿಟ್ಟೋಗೈತೆ" ಎಂದಳು. ಮೈಕು ಆನ್ ಆಗಿತ್ತು.

ಅಧ್ಯಕ್ಷರು ಗ್ರಾನೈಟ್ ವ್ಯಾಪಾರದವರು. ಮನುಷ್ಯ ಒಳ್ಳೆಯವರೇ. ಬಗ್ಗಿ, ಅಕ್ಕರೆಯಿಂದ ಕೇಳಿದರು: "ಯಾವ ಸಮಾಜನಮ್ಮ ನೀನು?"

"ಹತ್ತನೇ ಕ್ಲಾಸ್ ಸಮಾಜ ಸಾರ್. ತೊಂಬತ್ತೆಂಟು."

ಇಡೀ ಭವನ ಗೊಳ್ಳೆಂದಿತು. ಮುಂದಿನ ಸಾಲಿನ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಶಾಲು ಹೊದ್ದ ಹುಡುಗಿಯರು ನಕ್ಕರು, ಅದರಲ್ಲಿ ನನ್ನ ಶಿಷ್ಯೆಯರೂ ಇದ್ದರು. ಮೊದಲ ಸಲ ಮಾಗಡಿಯಲ್ಲಿ ನಾನು ಕೊಟ್ಟ ಉತ್ತರವನ್ನೇ ಅವಳೂ ಕೊಟ್ಟಿದ್ದಳು. ನನ್ನ ಕತೆಯನ್ನು ನಾನೇ ಎಷ್ಟೋ ಸಲ ಹೇಳಿಕೊಂಡು ನಗಾಡಿದ್ದೆ. ಅವತ್ತು ಮಾತ್ರ ನನಗೆ ನಗು ಬರಲಿಲ್ಲ. ಆ ಹುಡುಗಿ ತಾನು ಏನು ತಪ್ಪು ಹೇಳಿದೆ ಎಂದು ತಿಳಿಯದೆ ಒಮ್ಮೆ ಅಧ್ಯಕ್ಷರನ್ನೂ, ಒಮ್ಮೆ ನನ್ನನ್ನೂ ನೋಡುತ್ತಿದ್ದಳು. ಮೆಲ್ಲಗೆ ಗೊತ್ತಾಯಿತು ಅಂತ ಕಾಣುತ್ತದೆ, ಮುಖ ಸಣ್ಣಗಾಯಿತು.

ಅಧ್ಯಕ್ಷರು ಎಲ್ಲರನ್ನೂ ಗದರಿಸಿ ಸುಮ್ಮನಾಗಿಸಿದರು. "ಇರಲಿ ಬುಡಿ, ಇವಳೂ ನಮ್ಮ ಮಗಳಿದ್ದಂಗೆ. ಲೇ, ಒಂದು ಶಾಲು ತತ್ತಾರ್ಲಾ, ಮಿಕ್ಕಿದ್ರೆ" ಎಂದರು. ಮಿಕ್ಕಿದ್ದು ಒಂದೇ ಶಾಲು, ನನಗೆ ಹಾಕಬೇಕಾಗಿದ್ದದ್ದು. ಯಾರೋ ಅದನ್ನೇ ಬಿಡಿಸಿಕೊಂಡು ಬಂದರು. ಅಷ್ಟರಲ್ಲಿ ಜಯಮ್ಮ ಮೆಟ್ಟಿಲ ಹತ್ತಿರ ಬಂದು ಮಗಳ ರಟ್ಟೆ ಹಿಡಿದಿದ್ದಳು.

"ಬ್ಯಾಡ ಸ್ವಾಮಿ" ಎಂದಳು. "ನಾವು ಬಾಗ್ಲು ತಪ್ಪಿ ಬಂದ್ಬುಟ್ಟೊ."

ತಾಯಿ ಮಗಳು ಆ ಸಾಲುಗಳ ನಡುವೆ ತಲೆ ತಗ್ಗಿಸಿಕೊಂಡು ನಡೆದು ಹೋದರು. ನನಗೆ ಕೂರಲು ಆಗಲಿಲ್ಲ. ಭಾವನವರು ಕಣ್ಣು ಬಿಟ್ಟರು, ಬಿಡಲಿ ಎಂದು ಎದ್ದು ಬಂದೆ. ಆ ಶಾಲು ಏನಾಯಿತೋ ಇವತ್ತಿಗೂ ಗೊತ್ತಿಲ್ಲ, ಕೇಳಲೂ ಇಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಜಯಮ್ಮ ಎಳನೀರು ಗಾಡಿಯ ನೆರಳಲ್ಲಿ ನಿಂತು ಮಗಳನ್ನು ಬೈಯುತ್ತಿದ್ದಳು. "ಎಲ್ಲಾರ ಎದುರ್ಗೂ ಮಾನ ಕಳೆದ್ಯಲ್ಲೇ! ಓದು ನಮ್ಗಲ್ಲ ಅಂತ ಬಡ್ಕಂಡ್ನಲ್ಲ, ಕೇಳಿದ್ಯಾ? ನಾಳಿಕ್ಕೇ ಟೈಲರಿಂಗಿಗೆ ಸೇರಿಸ್ತೀನಿ, ನೀನಾಯ್ತು ನಿನ್ ಹೊಲಿಗೆ ಮಿಸಿನ್ನಾಯ್ತು."

ಶೋಭಾ ಅಳುತ್ತಿದ್ದಳು. ತಲೆಯ ಹೂವನ್ನು ಆಗಲೇ ಕಿತ್ತು ಕೈಯಲ್ಲಿ ಮುದುರಿಕೊಂಡಿದ್ದಳು. ನಾನು ಹೋಗಿ ಹತ್ತಿರ ನಿಂತೆ. ಜಗಲಿಯಲ್ಲಿ ಮೇಡಂ ಓದಿದ್ದನ್ನು ಅವಳು ಬಿಕ್ಕುತ್ತಲೇ ಹೇಳಿದಳು. ಎಲ್ಲವನ್ನೂ ಬಿಡಿಸಿ ಹೇಳಿದೆ, ವನಮಾಲಾ ಮೇಡಂ ಹೆಸರು ಬಿಟ್ಟು ಓದಿದ್ದು, ಸಮಾಜ ಅನ್ನುವ ಮಾತಿಗೆ ಊರಲ್ಲಿ ಬೇರೆ ಅರ್ಥ ಇರುವುದು. ಜಯಮ್ಮ ನೆಲ ನೋಡಿಕೊಂಡೇ ಕೇಳಿಸಿಕೊಂಡಳು. ಸಿಟ್ಟು ಇಳಿದಿತ್ತು, ದುಃಖ ಇಳಿದಿರಲಿಲ್ಲ.

"ಒಂದ್ ಮಾತು ಕೇಳ್ತೀನಿ ಮಿಸ್ಸೇ, ನಿಜ ಹೇಳ್ಬೇಕು" ಎಂದಳು. "ಅಲ್ಲಿ ಸಾಲು ಹೊದ್ಕಂಡು ಕೂತಿದ್ವಲ್ಲ ಮಕ್ಳು, ಅವು ನಿಮ್ ಪಾಠದಲ್ಲಿ ನನ್ ಮಗಳಿಗಿಂತ ಜಾಸ್ತಿ ತಗಂಡಿದ್ವಾ?"

"ಒಬ್ಬಳೂ ಇಲ್ಲ ಜಯಮ್ಮ. ನಮ್ಮ ಶಾಲೆಗೇ ಇವಳು ಮೊದಲು."

"ಮತ್ಯಾಕೆ ನಕ್ಕುಬುಟ್ರು?"

ಅಷ್ಟು ವರ್ಷ ಪಾಠ ಮಾಡಿದವಳು ನಾನು. ಸಮಾನತೆ, ಸಾಮಾಜಿಕ ನ್ಯಾಯ, ಎಲ್ಲಕ್ಕೂ ನಾಲಗೆ ತುದಿಯಲ್ಲಿ ಉತ್ತರ ಇತ್ತು, ಎರಡು ಅಂಕಕ್ಕೆ ಎಷ್ಟು, ನಾಲ್ಕು ಅಂಕಕ್ಕೆ ಎಷ್ಟು ಅಂತ ಅಳೆದು ಇಟ್ಟಿದ್ದೆ. ಆ ಎಳನೀರು ಗಾಡಿಯ ಪಕ್ಕದಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ನಾಚಿಕೆ ಇಲ್ಲದೆ ಅತ್ತೆ.

ಶೋಭಾ ದಾವಣಿ ಸೆರಗಲ್ಲಿ ಮುಖ ಒರೆಸಿಕೊಂಡಳು.

"ಯಾಕ್ ನಕ್ರು ಅಂತ ಕೇಳ್ದಲ್ಲ, ನಾನ್ ಓದ್ಬೇಕು ಅಂತಿರಾದು ಅದ್ನೇ ಕನವ್ವ" ಎಂದಳು.

ಜಯಮ್ಮ ಮಗಳ ಮುಖವನ್ನೇ ನೋಡಿದಳು. ದೊಡ್ಡಆಲಹಳ್ಳಿ ಬಸ್ಸು ಬಂದು ನಿಂತಿತು, ಜನ ನುಗ್ಗಿದರು. ಮಗಳನ್ನು ಮುಂದೆ ತಳ್ಳಿಕೊಂಡು ಅವಳೂ ಹತ್ತಿದಳು. ಹೀಗೇ ಹೋಗಿಬಿಟ್ಟರಲ್ಲ, ಇನ್ನು ಆ ಹುಡುಗಿಯ ಕತೆ ಮುಗಿಯಿತು ಎಂದು ನಾನು ತಿರುಗಿ ಹೊರಟಿದ್ದೆ. ಹಿಂದಿನಿಂದ ಯಾರೋ ಕರೆದ ಹಾಗಾಯಿತು. ಬಸ್ಸು ಹೊರಡುತ್ತಿತ್ತು. ಕಿಟಕಿಯ ಸರಳಿನ ನಡುವೆ ಮುಖ ಇಟ್ಟು ಜಯಮ್ಮ ಕೂಗುತ್ತಿದ್ದಳು:

"ಮಿಸ್ಸೇ, ನಾಳಿಕ್ಕೆ ಫ್ಯಾಕ್ಟ್ರಿಗೆ ರಜಾ ಹಾಕ್ತೀನಿ. ಕಾಲೇಜು ಎಷ್ಟೊತ್ಗೆ ಬಾಗ್ಲು ತಗೀತಾರೆ?"